ಹಂಪಿಯ ಬಂಡೆಗೆ ಹೇಳಿ ಮಾಡಿಸಿದ ಫಿಲ್ಮ್, ಮಲೆನಾಡಿನ ಮಳೆಗೆ ಅಲ್ಲ: ಇಲ್ಫೋರ್ಡ್ ಎಫ್‌ಪಿ4 ಪ್ಲಸ್

ಭೂದೃಶ್ಯವನ್ನು ಬಣ್ಣ ಬಿಟ್ಟು ಕಪ್ಪು-ಬಿಳುಪಿನಲ್ಲೇ ತೆಗೆಯಬೇಕೆಂದು ಹೊರಟವರಿಗೆ ಈಗ ಮೂರು ದಾರಿಗಳಿವೆ. ಡಿಜಿಟಲ್ ಕ್ಯಾಮೆರಾದಲ್ಲಿ ಬಣ್ಣದಲ್ಲೇ ತೆಗೆದು ಮನೆಗೆ ಬಂದು ಕಂಪ್ಯೂಟರಿನಲ್ಲಿ ಬದಲಾಯಿಸಿಕೊಳ್ಳುವುದು ಮೊದಲನೆಯದು. ಪೆಂಟಾಕ್ಸ್ 2023ರಲ್ಲಿ ಬಿಟ್ಟ ಕೆ-3 ಮಾರ್ಕ್ 3 ಮೊನೊಕ್ರೋಮ್‌ನಂಥ, ಬಣ್ಣವನ್ನೇ ದಾಖಲಿಸದ ಸೆನ್ಸರಿನ ಕ್ಯಾಮೆರಾ ಕೊಳ್ಳುವುದು ಎರಡನೆಯದು. ಫಿಲ್ಮ್ ಮೂರನೆಯದು. ಇಲ್ಲಿ ಮಾತು ಆ ಮೂರನೆಯ ದಾರಿಯ ಒಂದೇ ಒಂದು ಸರಕಿನ ಬಗ್ಗೆ: ಇಲ್ಫೋರ್ಡ್ ಎಫ್‌ಪಿ4 ಪ್ಲಸ್, ಐಎಸ್‌ಒ (ಬೆಳಕಿಗೆ ಸ್ಪಂದಿಸುವ ವೇಗ) 125. ಜೊತೆಗೆ ಲೆನ್ಸಿನ ಮುಂದೆ ಹಾಕುವ ಹಳದಿ, ಕಿತ್ತಳೆ, ಕೆಂಪು ಫಿಲ್ಟರುಗಳನ್ನೂ ಸೇರಿಸಿಕೊಂಡೇ ಮಾತಾಡಬೇಕು. ಏಕೆಂದರೆ ಫಿಲ್ಟರ್ ಇಲ್ಲದೆ ಈ ಫಿಲ್ಮನ್ನು ಭೂದೃಶ್ಯಕ್ಕೆ ಬಳಸಿದರೆ ಅದರ ಅರ್ಧ ಸತ್ವವೂ ಕೈಗೆ ಸಿಗುವುದಿಲ್ಲ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಹಂಪಿ, ಆನೆಗೊಂದಿ, ಚಿತ್ರದುರ್ಗ, ರಾಮನಗರದಂಥ ಕಲ್ಲಿನ ನಾಡಿಗೆ, ಮಳೆ ತೊಳೆದ ನೀಲಿ ಆಕಾಶದಲ್ಲಿ ಬಿಡಿ ಮೋಡಗಳಿರುವ ದಿನಕ್ಕೆ ಇದಕ್ಕಿಂತ ಒಳ್ಳೆಯ ಫಿಲ್ಮ್ ಸಿಗುವುದು ಕಷ್ಟ. ಆಗುಂಬೆ, ಕುದುರೆಮುಖದ ಕಡೆ ಜುಲೈ ತಿಂಗಳಲ್ಲಿ ಕ್ಯಾಮೆರಾ ಕೈಯಲ್ಲಿ ಹಿಡಿದು ಓಡಾಡುವವರಿಗೆ ಇದು ಕೈ ಕೊಡುತ್ತದೆ. ಎರಡಕ್ಕೂ ಮುಖ್ಯ ಕಾರಣ ಒಂದೇ: ಯಾವ ಬಣ್ಣದ ಬೆಳಕು ಯಾವ ಬೂದು ಆಗುತ್ತದೆ ಎಂಬುದು.

ಎಫ್‌ಪಿ4 ಬಂದದ್ದು 1968ರಲ್ಲಿ, ಈಗಿನ ಪ್ಲಸ್ ಅವತಾರ 1990ರದು. ಇಂಗ್ಲೆಂಡಿನ ಚೆಷೈರ್‌ನ ಮೊಬರ್ಲಿಯಲ್ಲಿ ಹಾರ್ಮನ್ ಟೆಕ್ನಾಲಜಿ ಇದನ್ನು ತಯಾರಿಸುತ್ತದೆ. 35 ಎಂಎಂ ರೋಲ್, ಅದಕ್ಕಿಂತ ಅಗಲದ 120 ರೋಲ್, ಬಿಡಿ ಹಾಳೆಯ ಶೀಟ್ ಫಿಲ್ಮ್ ಎಲ್ಲದರಲ್ಲೂ ಸಿಗುತ್ತದೆ. ಇದು ಪ್ಯಾನ್‌ಕ್ರೊಮ್ಯಾಟಿಕ್, ಅಂದರೆ ನೀಲಿ, ಹಸಿರು, ಕೆಂಪು ಮೂರಕ್ಕೂ ಸ್ಪಂದಿಸುತ್ತದೆ. ಆದರೆ ನಮ್ಮ ಕಣ್ಣಿಗೆ ಹೋಲಿಸಿದರೆ ನೀಲಿಗೆ ಸ್ವಲ್ಪ ಹೆಚ್ಚೇ ಸ್ಪಂದಿಸುತ್ತದೆ. ಭೂದೃಶ್ಯದವರ ಮೊದಲ ತಕರಾರು ಹುಟ್ಟುವುದು ಇಲ್ಲೇ. ಕಣ್ಣಿಗೆ ಗಾಢ ನೀಲಿಯಾಗಿ ಕಂಡ ಆಕಾಶ ಪ್ರಿಂಟಿನಲ್ಲಿ ಪೇಲವ ಬೂದಾಗಿ, ಮೋಡ ಅದರಲ್ಲಿ ಕರಗಿಹೋಗಿ ಬರುತ್ತದೆ.

ಇದರ ವಿಪರೀತ ಉದಾಹರಣೆ ಹಂಪಿಯ ಇತಿಹಾಸದಲ್ಲೇ ಇದೆ. ಬ್ರಿಟಿಷ್ ಸೇನಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಮೇಣ ಹಿಡಿಸಿದ ಕಾಗದದ ನೆಗೆಟಿವ್‌ಗಳಲ್ಲಿ ವಿಜಯನಗರದ ಅವಶೇಷಗಳನ್ನು ಸೆರೆಹಿಡಿದರು. ಆ ಕಾಗದಕ್ಕೆ ಬಹುಪಾಲು ನೀಲಿ ಮತ್ತು ಅತಿನೇರಳೆ ಬೆಳಕು ಮಾತ್ರ ಕಾಣುತ್ತಿತ್ತು. ಕಲ್ಲಿನ ಕೆಲಸಕ್ಕೆ ಸಾಕಾಗುವಷ್ಟು ಬೆಳಕು ಕೊಡುವಷ್ಟರಲ್ಲಿ ಆಕಾಶ ಪೂರ್ತಿ ಸುಟ್ಟು, ಮೋಡವಿದ್ದರೂ ಇಲ್ಲದಿದ್ದರೂ ಬಿಳಿ ಹಾಳೆಯಾಗುವುದು ಆ ವಿಧಾನದ ಸ್ವಭಾವ. ಆ ಚಿತ್ರಗಳಲ್ಲಿ ಕಟ್ಟಡಗಳ ಅಂಚು ಅಷ್ಟು ಸ್ಪಷ್ಟವಾಗಿ ಎದ್ದು ನಿಲ್ಲುವುದಕ್ಕೆ ಆ ಖಾಲಿ ಆಕಾಶವೂ ಒಂದು ಕಾರಣ. ಎಫ್‌ಪಿ4 ಪ್ಲಸ್ ಆ ಕಾಲದಿಂದ ಬಹಳ ಮುಂದೆ ಬಂದಿದೆ, ಆದರೂ ನೀಲಿಯ ಕಡೆಗಿನ ಒಲವು ಪೂರ್ತಿ ಹೋಗಿಲ್ಲ. ಆ ಒಲವನ್ನು ತಿದ್ದುವ ಕೆಲಸ ಫಿಲ್ಟರಿನದು.

ಫಿಲ್ಟರಿನ ನಿಯಮ ಸುಲಭ. ತನ್ನ ಬಣ್ಣದ ವಸ್ತುವನ್ನು ತಿಳಿಯಾಗಿಸುತ್ತದೆ, ಎದುರು ಬಣ್ಣದ ವಸ್ತುವನ್ನು ಕಪ್ಪಾಗಿಸುತ್ತದೆ. ಹಳದಿ ಫಿಲ್ಟರ್, ಅಂದರೆ 8ನೇ ನಂಬರಿನದು, 1 ಸ್ಟಾಪ್ ಬೆಳಕು ತಿನ್ನುತ್ತದೆ (ಒಂದೊಂದು ಸ್ಟಾಪಿಗೂ ಬೆಳಕು ಅರ್ಧವಾಗುತ್ತದೆ). ಆಕಾಶವನ್ನು ಕಣ್ಣಿಗೆ ಕಂಡಷ್ಟೇ ಗಾಢವಾಗಿ ತರುತ್ತದೆ. ಕಿತ್ತಳೆ, ಸುಮಾರು 2 ಸ್ಟಾಪ್. ಕೆಂಪು, 25ಎ, 3 ಸ್ಟಾಪ್; ಆಕಾಶ ಹೆಚ್ಚುಕಡಿಮೆ ಕಪ್ಪು. ಇನ್ನು ಲೆಕ್ಕ: ಬಟ್ಟ ಬಿಸಿಲಿನಲ್ಲಿ ಐಎಸ್‌ಒ 125ಕ್ಕೆ ಲೆನ್ಸಿನ ಕಿಂಡಿ ಎಫ್/16, ಶಟರ್ 1/125 ಸೆಕೆಂಡ್ ಅಂದುಕೊಳ್ಳಿ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು). ಕಿತ್ತಳೆ ಹಾಕಿದರೆ ಎಫ್/8, 1/125. ಕೆಂಪು ಹಾಕಿ ಎಫ್/11 ಬೇಕೆಂದರೆ ಶಟರ್ 1/30ಕ್ಕೆ ಇಳಿಯುತ್ತದೆ. ಅದರ ಮೇಲೆ ಪೋಲರೈಸರ್ (ಪ್ರತಿಫಲನ ತಗ್ಗಿಸಿ ಆಕಾಶವನ್ನು ಗಾಢವಾಗಿಸುವ ಫಿಲ್ಟರ್) ಸೇರಿಸಿದರೆ ಮತ್ತೆ ಒಂದೂವರೆ-ಎರಡು ಸ್ಟಾಪ್ ಹೋಗುತ್ತದೆ. ನಡುಹಗಲಲ್ಲೂ ಟ್ರೈಪಾಡ್ ಬೇಕಾಗುವುದು ಹೀಗೆ. ಪುರಾತತ್ವ ಇಲಾಖೆಯ ಸ್ಮಾರಕಗಳ ಒಳಗೆ ಟ್ರೈಪಾಡಿಗೆ ಮೊದಲೇ ಅನುಮತಿ ಪಡೆದಿರಬೇಕು, ಹೋದ ಮೇಲೆ ಕಾವಲುಗಾರರ ಹತ್ತಿರ ವಾದಿಸಿ ಪ್ರಯೋಜನವಿಲ್ಲ.

ಇಲ್ಲಿ ಬಹಳ ಜನ ಎಡವುವ ಜಾಗವೊಂದಿದೆ. ಕ್ಯಾಮೆರಾದೊಳಗಿನ ಮೀಟರ್ ಫಿಲ್ಟರಿನ ಮೂಲಕವೇ ಅಳೆಯುತ್ತದಲ್ಲ, ತಾನೇ ಸರಿಮಾಡಿಕೊಳ್ಳುತ್ತದೆ ಎಂದು ನಂಬಿ ತೆಗೆಯುತ್ತಾರೆ. ಮೀಟರಿನ ಸೆಲ್ ಕೆಂಪು ಬೆಳಕಿಗೆ ಫಿಲ್ಮಿಗಿಂತ ಹೆಚ್ಚು ಸ್ಪಂದಿಸುವ ಕ್ಯಾಮೆರಾಗಳಲ್ಲಿ, ಕೆಂಪು ಅಥವಾ ಗಾಢ ಕಿತ್ತಳೆ ಹಾಕಿದಾಗ ನೆಗೆಟಿವ್ ಒಂದೂವರೆ ಸ್ಟಾಪಿನಷ್ಟು ಕಡಿಮೆ ಬೆಳಕಿನದಾಗಬಹುದು. ತೆಳ್ಳಗಿನ, ನೆರಳೇ ಇಲ್ಲದ ನೆಗೆಟಿವ್ ಕೈಗೆ ಬಂದಾಗ ಫಿಲ್ಮನ್ನು ಬೈಯುತ್ತಾರೆ. ಫಿಲ್ಟರ್ ತೆಗೆದು ಅಳೆಯಿರಿ, ಆಮೇಲೆ 1, 2 ಅಥವಾ 3 ಸ್ಟಾಪ್ ಕೈಯಾರೆ ಸೇರಿಸಿ. ಎರಡು ನಿಮಿಷದ ಕೆಲಸ, ರೋಲ್ ಉಳಿಯುತ್ತದೆ.

ಹಂಪಿಯಲ್ಲಿ ಕೆಂಪಿಗಿಂತ ಕಿತ್ತಳೆಯೇ ಮೇಲು ಎಂದು ಒತ್ತಿ ಹೇಳಬೇಕು. ಬಿಸಿಲು ಬೀಳದ ನೆರಳಿಗೆ ಬೆಳಕು ಬರುವುದು ನೀಲಿ ಆಕಾಶದಿಂದ. ಕೆಂಪು ಫಿಲ್ಟರ್ ಆಕಾಶವನ್ನು ಕಪ್ಪಾಗಿಸುವಾಗ ಅದೇ ನೀಲಿ ಬೆಳಕಿನ ನೆರಳನ್ನೂ ಕಪ್ಪಾಗಿಸುತ್ತದೆ. ಹೇಮಕೂಟದ ಮೇಲಿಂದ ತೆಗೆದರೆ ಉಂಡೆ ಬಂಡೆಗಳ ಹೊಟ್ಟೆಯಡಿಯ ನೆರಳು ಬರೀ ರಂಧ್ರವಾಗಿಬಿಡುತ್ತದೆ. ಬಂಡೆ ನೆಲಕ್ಕೆ ಎಲ್ಲಿ ತಾಗಿದೆ ಎಂಬುದೇ ಕಾಣುವುದಿಲ್ಲ. ತುಂಗಭದ್ರೆಯ ದಡದ ಬಾಳೆತೋಟ, ಗದ್ದೆಗಳೂ ಕೆಂಪು ಫಿಲ್ಟರಿನಲ್ಲಿ ಕಪ್ಪು ಮುದ್ದೆಯಾಗುತ್ತವೆ. ಕಿತ್ತಳೆ ಫಿಲ್ಟರ್ ಆಕಾಶಕ್ಕೆ ಬೇಕಾದಷ್ಟು ತೂಕ ಕೊಡುತ್ತದೆ, ನೆರಳಲ್ಲಿ ಉಸಿರು ಉಳಿಸುತ್ತದೆ. ಹಂಪಿಯ ಗ್ರಾನೈಟ್ ತುಸು ಗುಲಾಬಿ-ಕಂದು ಬಣ್ಣದ್ದಾದ್ದರಿಂದ ಬಿಸಿಲು ಬಿದ್ದ ಮೈ ಒಂದು ಮೆಟ್ಟಿಲು ಮೇಲೇರಿ ಹೊಳೆಯುತ್ತದೆ.

ಸರಿಯಾಗಿ ಬೆಳಕು ಕೊಟ್ಟ ಅಂಥದೊಂದು ನೆಗೆಟಿವನ್ನು ಲೈಟ್ ಬಾಕ್ಸಿನ ಮೇಲೆ ಇಟ್ಟು ಲೂಪಿನಲ್ಲಿ (ಪುಟ್ಟ ಭೂತಗನ್ನಡಿಯಲ್ಲಿ) ನೋಡಿದರೆ ಈ ಫಿಲ್ಮಿನ ಬೆಲೆ ಗೊತ್ತಾಗುತ್ತದೆ. ಬೆಳಿಗ್ಗೆ ಎಂಟರ ಓರೆ ಬಿಸಿಲಿನ ಬಂಡೆ. ವಿಜಯನಗರದ ಕಲ್ಲುಕುಟಿಗರು ಬಂಡೆ ಸೀಳಲು ಸಾಲಾಗಿ ಕೊರೆದ ಬೆಣೆಗುಳಿಗಳಿರುತ್ತವಲ್ಲ, ಅವುಗಳಲ್ಲಿ ಪ್ರತಿಯೊಂದಕ್ಕೂ ಒಂದು ಬೆಳಗಿದ ಅಂಚು, ಒಂದು ಕತ್ತಲ ಅಂಚು, ನಡುವೆ ಒಂದು ಬೂದು ತಳ ಬೇರೆಬೇರೆಯಾಗಿ ಕಾಣುತ್ತದೆ. ಮಳೆನೀರು ಹರಿದು ಹರಿದು ಬಂಡೆಯ ಮೈಮೇಲೆ ಬಿಟ್ಟ ಕಪ್ಪು ಗೀರುಗಳು, ಅವುಗಳ ನಡುವಿನ ಕಲ್ಲುಹೂವಿನ ತೇಪೆ, ಸಿಪ್ಪೆ ಎದ್ದು ಬಿದ್ದ ಹಾಳೆಗಳ ಏಣು — ಬಣ್ಣದ ಚಿತ್ರದಲ್ಲಿ ಇವೆಲ್ಲ ಇದ್ದರೂ ಕಣ್ಣು ಮೊದಲು ಹೋಗುವುದು ಬಂಡೆಯ ಕಂದು ಮತ್ತು ಆಕಾಶದ ನೀಲಿಯ ಕಡೆಗೆ. ಬಣ್ಣ ಹೋದ ಮೇಲೆ ಕಲ್ಲಿನ ಮೈಯೇ ಚಿತ್ರದ ವಸ್ತುವಾಗುತ್ತದೆ. ಹಂಪಿಗೆ ಕಪ್ಪು-ಬಿಳುಪು ಒಪ್ಪುವುದಕ್ಕೆ ನಮ್ಮ ದೃಷ್ಟಿಯಲ್ಲಿ ಇದೇ ಕಾರಣ. ಹಳೆಯದರ ಭಾವ ಬರಲಿ ಎಂದು ಬಣ್ಣ ತೆಗೆಯುವವರು ಈ ಲಾಭವನ್ನು ಕಳೆದುಕೊಳ್ಳುತ್ತಾರೆ.

ಇನ್ನೊಂದು ಪ್ರಾಯೋಗಿಕ ಲಾಭ ಹೊತ್ತಿನದು. ಬಣ್ಣದವರು ಒಂಬತ್ತೂವರೆಗೆ ಕ್ಯಾಮೆರಾ ಚೀಲಕ್ಕೆ ಹಾಕಿ ಸಂಜೆ ನಾಲ್ಕರವರೆಗೆ ಕಾಯುತ್ತಾರೆ. ಮೋಡವಿರುವ ದಿನ ಕಪ್ಪು-ಬಿಳುಪಿನವರಿಗೆ ಆ ಹೊತ್ತೂ ಕೆಲಸದ ಹೊತ್ತೇ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ಬಯಲುಸೀಮೆಯ ಆಕಾಶ ಇದಕ್ಕೆ ಅತ್ಯುತ್ತಮ: ಮಳೆ ಧೂಳನ್ನು ತೊಳೆದಿರುತ್ತದೆ, ನೀಲಿ ದಟ್ಟವಾಗಿರುತ್ತದೆ, ಮೋಡದ ನೆರಳು ಬಂಡೆಗಳ ಮೇಲೆ ಓಡುತ್ತಿರುತ್ತದೆ. ಏಪ್ರಿಲ್-ಮೇನಲ್ಲಿ ಹೋದರೆ ಧೂಳಿನಿಂದ ಆಕಾಶ ಬಿಳಿಚಿಕೊಂಡಿರುತ್ತದೆ. ನೀಲಿಯೇ ಇಲ್ಲದ ಮೇಲೆ ಫಿಲ್ಟರ್ ಕಪ್ಪಾಗಿಸುವುದಾದರೂ ಏನನ್ನು? ಸೂರ್ಯನ ಕಡೆ ಮುಖ ಮಾಡಿದಾಗಲೂ, ದಿಗಂತಕ್ಕೆ ಹತ್ತಿರದ ಆಕಾಶದಲ್ಲೂ ಇದೇ ಕಥೆ. ಸೂರ್ಯನನ್ನು ಭುಜದ ಪಕ್ಕಕ್ಕೋ ಬೆನ್ನಿಗೋ ಇಟ್ಟುಕೊಂಡರೆ ಮಾತ್ರ ಪೂರ್ತಿ ಪರಿಣಾಮ. ಪೋಲರೈಸರನ್ನು 24 ಎಂಎಂಗಿಂತ ಅಗಲ ನೋಟದ ಲೆನ್ಸಿಗೆ ಹಾಕಿದರೆ ಆಕಾಶದ ನಡುವೆ ಕಪ್ಪು ಪಟ್ಟಿ ಬೀಳುತ್ತದೆ, ಬಣ್ಣದ ಫಿಲ್ಟರಿಗೆ ಆ ದೋಷವಿಲ್ಲ.

ಬಿಸಿಲು ತೀರಾ ಕಟುವಾಗಿದ್ದರೆ ಡಬ್ಬಿಯ ಮೇಲಿನ 125ನ್ನು ಮರೆತು 64ಕ್ಕೆ ಇಟ್ಟು ತೆಗೆಯಿರಿ, ಡೆವಲಪ್ ಮಾಡುವ ಸಮಯವನ್ನು ಶೇ. 15ರಿಂದ 20ರಷ್ಟು ಕಡಿತ ಮಾಡಿ. ನೆರಳಿಗೆ ಒಂದು ಸ್ಟಾಪ್ ಹೆಚ್ಚು ಬೆಳಕು ಸಿಗುತ್ತದೆ, ಬಿಳಿ ಭಾಗ ನೆಗೆಟಿವಿನಲ್ಲಿ ಕೈಮೀರಿ ದಟ್ಟವಾಗುವುದಿಲ್ಲ. ಸ್ಪಾಟ್ ಮೀಟರ್ (ದೃಶ್ಯದ ಒಂದು ಸಣ್ಣ ಜಾಗದ ಬೆಳಕನ್ನಷ್ಟೇ ಅಳೆಯುವ ಸಾಧನ) ಇರುವವರು ವಿವರ ಬೇಕಾದ ಅತಿ ಕಪ್ಪು ನೆರಳನ್ನು ಅಳೆದು, ಮೀಟರ್ ಹೇಳಿದ್ದಕ್ಕಿಂತ 2 ಸ್ಟಾಪ್ ಕಡಿಮೆ ಕೊಡಬೇಕು. ಹಾಗೆ ಮಾಡುವಾಗ ಬಿಸಿಲು ಬಿದ್ದ ಕಲ್ಲನ್ನೂ ಒಮ್ಮೆ ಅಳೆದು ನೋಡಿ. ನೆರಳಿಗೂ ಅದಕ್ಕೂ 5-6 ಸ್ಟಾಪ್ ಅಂತರವಿದ್ದರೆ ಎಫ್‌ಪಿ4 ಪ್ಲಸ್ ಆರಾಮವಾಗಿ ನಿಭಾಯಿಸುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಮೇಲೆ ಹೇಳಿದ ಕಡಿತ.

ಈಗ ಮಲೆನಾಡು. ಇಲ್ಲಿ ಎಫ್‌ಪಿ4 ಪ್ಲಸ್‌ಗೆ ಎರಡು ಕಷ್ಟ: ಬೆಳಕು ಸಾಲದು, ಬಣ್ಣ ಒಂದೇ. ಮಳೆಗಾಲದ ದಟ್ಟ ಮೋಡದಡಿ ಎಫ್/8ರಲ್ಲಿ 1/15 ಸೆಕೆಂಡ್ ಸಿಕ್ಕರೆ ಪುಣ್ಯ, ಶೋಲಾ ಕಾಡಿನೊಳಗೆ ಹೋದರೆ 1/4. ಗಾಳಿಗೆ ಎಲೆ ಅಲುಗುತ್ತಲೇ ಇರುತ್ತದೆ, ಟ್ರೈಪಾಡ್ ಇದ್ದರೂ ಎಲೆ ನಿಲ್ಲುವುದಿಲ್ಲ. ಅದೇ ಕಂಪನಿಯ ಎಚ್‌ಪಿ5 ಪ್ಲಸ್, ಐಎಸ್‌ಒ 400, ಇಲ್ಲಿ ಸರಿಯಾದ ಆಯ್ಕೆ. ಸುಮಾರು ಒಂದೂಮುಕ್ಕಾಲು ಸ್ಟಾಪ್ ಹೆಚ್ಚು ಸಿಗುತ್ತದೆ, ಗ್ರೇನ್ (ಚಿತ್ರದ ಬೆಳ್ಳಿಯ ಕಾಳು) ಕಾಣುತ್ತದೆ ನಿಜ, ಮಂಜಿನ ಚಿತ್ರದಲ್ಲಿ ಅದು ಅಡ್ಡಿಯಾಗುವುದಿಲ್ಲ.

ಬಣ್ಣದ ಕಷ್ಟ ಇನ್ನೂ ದೊಡ್ಡದು. ಹುಲ್ಲು, ಕಾಫಿ ಗಿಡ, ಅಡಿಕೆ ಮರ, ಕಾಡು ಎಲ್ಲವೂ ಹಸಿರೇ. ಕಣ್ಣಿಗೆ ಹತ್ತು ಬಗೆಯ ಹಸಿರು ಕಂಡರೂ ಫಿಲ್ಮಿಗೆ ಅವೆಲ್ಲ ಒಂದೇ ನಡುಬೂದು. ಮೊದಲ ಮಳೆಯ ನಂತರದ ಕುದುರೆಮುಖದ ಹುಲ್ಲುಗಾವಲನ್ನು ನೋಡಿ ಬೆರಗಾಗಿ ತೆಗೆದ ಚಿತ್ರ, ತೊಳೆದು ನೋಡಿದಾಗ ಸಿಮೆಂಟ್ ಬಳಿದ ಗುಡ್ಡದಂತೆ ಕಾಣುವುದು ಇದಕ್ಕೇ. ಅಲ್ಲಿ ಚಿತ್ರದ ಜೀವ ಇರುವುದೇ ಹಸಿರಿನಲ್ಲಿ, ಅದನ್ನು ಬಣ್ಣದಲ್ಲೇ ತೆಗೆಯಬೇಕು. ಹಸಿರೆಲೆಗಳ ನಡುವೆ ಕೆಂಪಗೆ ಅರಳಿದ ಗುಲ್‌ಮೊಹರ್‌ಗೂ ಇದೇ ಮಾತು: ಹೂವಿನ ಕೆಂಪು, ಎಲೆಯ ಹಸಿರು ಎರಡೂ ಒಂದೇ ಬೂದಾಗಿ ಮರವೇ ಕಳೆದುಹೋಗುತ್ತದೆ. ಕೆಂಪು ಫಿಲ್ಟರ್ ಹಾಕಿದರೆ ಹೂವು ಬಿಳಿಯಾಗಿ ಎದ್ದು ಬರುತ್ತದೆ, ಎಲೆ ಕಪ್ಪಾಗುತ್ತದೆ, ಆದರೆ ಅದು ಗುಲ್‌ಮೊಹರ್ ಎಂದು ಯಾರೂ ಗುರುತಿಸಲಾರರು.

ಹಳದಿ-ಹಸಿರು ಫಿಲ್ಟರ್, 11ನೇ ನಂಬರಿನದು, ಎಲೆಗಳನ್ನು ಸ್ವಲ್ಪ ತಿಳಿಯಾಗಿಸುತ್ತದೆ. 2 ಸ್ಟಾಪ್ ತೆಗೆದುಕೊಳ್ಳುತ್ತದೆ. ಬಿಸಿಲಿರುವ ದಿನ, ಡಿಸೆಂಬರ್-ಜನವರಿಯ ತೋಟಗಳಲ್ಲಿ ಇದು ಉಪಯೋಗಕ್ಕೆ ಬರುತ್ತದೆ. ಮಳೆಗಾಲದ ಕತ್ತಲಲ್ಲಿ ಆ 2 ಸ್ಟಾಪ್ ಕೊಡುವ ಶಕ್ತಿ ಐಎಸ್‌ಒ 125ಕ್ಕಿಲ್ಲ. ಗದ್ದೆ, ಕಾಡು ಬೆಳ್ಳಗೆ ಹೊಳೆಯಬೇಕೆಂದು ಆಸೆಯಿದ್ದವರು ಇಲ್ಫೋರ್ಡಿನದೇ ಎಸ್‌ಎಫ್‌ಎಕ್ಸ್ 200 ಫಿಲ್ಮಿಗೆ ಗಾಢ ಕೆಂಪು ಫಿಲ್ಟರ್ ಹಾಕಿ ನೋಡಬಹುದು. ಅದು ಕೆಂಪಿನಾಚೆ ಸುಮಾರು 740 ನ್ಯಾನೊಮೀಟರ್‌ವರೆಗೆ ಸ್ಪಂದಿಸುತ್ತದೆ, ಎಲೆಗಳು ಆ ಬೆಳಕನ್ನು ಧಾರಾಳವಾಗಿ ಹಿಂತಿರುಗಿಸುತ್ತವೆ. ಅದು ಬೇರೆಯೇ ಆಟ.

ಮಂಜಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬೇರೂರಿದೆ: ಕೆಂಪು ಫಿಲ್ಟರ್ ಮಂಜನ್ನು ಸೀಳುತ್ತದೆ ಎಂದು. ಸೀಳುವುದು ಮಬ್ಬನ್ನು, ಮಂಜನ್ನಲ್ಲ. ಬೇಸಿಗೆಯಲ್ಲಿ ದೂರದ ಬೆಟ್ಟಸಾಲು ನೀಲಿಯಾಗಿ ಕಾಣುತ್ತದಲ್ಲ, ಅದು ಅತಿಸಣ್ಣ ಕಣಗಳಿಂದ ನೀಲಿ ಬೆಳಕು ಹೆಚ್ಚು ಚದುರುವುದರಿಂದ. ಅದನ್ನು ಕಿತ್ತಳೆ, ಕೆಂಪು ಫಿಲ್ಟರುಗಳು ಕತ್ತರಿಸುತ್ತವೆ. ಮುಳ್ಳಯ್ಯನಗಿರಿಯ ಮೇಲೆ ಬಂದು ಕವಿಯುವ ಮಂಜು ನೀರಹನಿಗಳದು, ಆ ಹನಿಗಳು ಎಲ್ಲ ಬಣ್ಣವನ್ನೂ ಒಂದೇ ಸಮ ಚದುರಿಸುತ್ತವೆ, ಯಾವ ಫಿಲ್ಟರಿಗೂ ಜಗ್ಗುವುದಿಲ್ಲ. ಪೂರ್ತಿ ಮೋಡ ಮುಚ್ಚಿದ ಆಕಾಶಕ್ಕೂ ಫಿಲ್ಟರ್ ಹಾಕುವುದು ವ್ಯರ್ಥ. ಬೂದು ಮೋಡದ ಮುಂದೆ ಬಿಳಿ ಮೋಡ, ಬಣ್ಣದ ವ್ಯತ್ಯಾಸವೇ ಇಲ್ಲ. ಸುಮ್ಮನೆ 3 ಸ್ಟಾಪ್ ದಂಡ. ಬೆಟ್ಟದ ಹಿಂದೆ ಬೆಟ್ಟ, ಅದರ ಹಿಂದೆ ಇನ್ನೊಂದು ತಿಳಿಯಾಗುತ್ತಾ ಹೋಗುವ ಚಿತ್ರ ಬೇಕಾದರಂತೂ ಫಿಲ್ಟರ್ ತೆಗೆದು ಚೀಲಕ್ಕೆ ಹಾಕಿ. ಮಬ್ಬೇ ಅಲ್ಲಿ ದೂರವನ್ನು ತೋರಿಸುವುದು, ಅದನ್ನು ಕತ್ತರಿಸಿದರೆ ಐದು ಸಾಲು ಬೆಟ್ಟ ಒಂದೇ ಗೋಡೆಯಾಗುತ್ತದೆ. ಮಂಜಿನಲ್ಲಿ ಮೀಟರ್ ಹೇಳಿದ್ದಕ್ಕಿಂತ 1ರಿಂದ ಒಂದೂವರೆ ಸ್ಟಾಪ್ ಹೆಚ್ಚು ಕೊಡುವುದನ್ನು ಮರೆಯಬಾರದು, ಇಲ್ಲದಿದ್ದರೆ ಬೆಳ್ಳನೆಯ ಮಂಜು ಕೊಳಕು ಬೂದಾಗುತ್ತದೆ.

ಜೋಗದಂಥ ಕಡೆ ನೀರನ್ನು ಹಾಲಿನಂತೆ ಇಳಿಸಲು ಉದ್ದ ಎಕ್ಸ್‌ಪೋಶರ್ ಕೊಡುವವರಿಗೆ ಇನ್ನೊಂದು ಲೆಕ್ಕವಿದೆ. ಒಂದು ಸೆಕೆಂಡ್ ದಾಟಿದ ಮೇಲೆ ಫಿಲ್ಮ್ ಮಂದವಾಗುತ್ತಾ ಹೋಗುತ್ತದೆ. ಅಳೆದ ಸಮಯವನ್ನು 1.26ರ ಘಾತಕ್ಕೆ ಏರಿಸಬೇಕು ಎಂಬುದು ಕಂಪನಿಯೇ ಕೊಟ್ಟ ಸೂತ್ರ. ಮೀಟರ್ 2 ಸೆಕೆಂಡ್ ಅಂದರೆ 2.4, 4 ಅಂದರೆ 5.7, 10 ಅಂದರೆ 18, 30 ಅಂದರೆ 73 ಸೆಕೆಂಡ್. ಈ ನಾಲ್ಕು ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಚೀಲದಲ್ಲಿ ಇಟ್ಟುಕೊಂಡರೆ ಸಾಕು.

ಫಿಲ್ಮ್ ತೊಳೆಯುವ, ಅಂದರೆ ಡೆವಲಪ್ ಮಾಡುವ ವಿಷಯಕ್ಕೆ ಬರೋಣ. ಭೂದೃಶ್ಯದವರು ಲ್ಯಾಬಿನ ಮೇಲೆ ಭಾರ ಹಾಕುವುದಕ್ಕಿಂತ ಮನೆಯಲ್ಲೇ ತೊಳೆಯುವುದು ಮೇಲು, ಏಕೆಂದರೆ ಆಕಾಶ ಎಂಬ ದೊಡ್ಡ, ಸಪಾಟು ಜಾಗ ತೊಳೆಯುವಾಗಿನ ಪ್ರತಿ ತಪ್ಪನ್ನೂ ತೋರಿಸಿಬಿಡುತ್ತದೆ. ಲ್ಯಾಬಿಗೇ ಕೊಡುವುದಾದರೆ ಕವರಿನ ಮೇಲೆ ದಪ್ಪ ಅಕ್ಷರದಲ್ಲಿ ‘ಬ್ಲ್ಯಾಕ್ ಅಂಡ್ ವೈಟ್, ಸಿ-41 ಅಲ್ಲ’ ಎಂದು ಬರೆದು ಕೊಡಿ. ಬಣ್ಣದ ಸಿ-41 ಯಂತ್ರಕ್ಕೆ ಈ ಫಿಲ್ಮ್ ಹೋದರೆ ಅಲ್ಲಿನ ಬ್ಲೀಚ್ ಬೆಳ್ಳಿಯನ್ನೆಲ್ಲ ತೆಗೆದುಹಾಕುತ್ತದೆ, ಖಾಲಿ ಪಟ್ಟಿ ವಾಪಸ್ ಬರುತ್ತದೆ, ಅದನ್ನು ಉಳಿಸುವ ಉಪಾಯವಿಲ್ಲ.

ಐಡಿ-11 ಡೆವಲಪರಿನಲ್ಲಿ 20 ಡಿಗ್ರಿ ಸೆಲ್ಸಿಯಸ್‌ಗೆ, ನೀರು ಬೆರೆಸದೆ ಎಂಟೂವರೆ ನಿಮಿಷ, 1+1, ಅಂದರೆ ಸಮಪಾಲು ನೀರು ಬೆರೆಸಿದರೆ 11 ನಿಮಿಷ. ಕೊಡಾಕ್ ಡಿ-76ಕ್ಕೂ ಅವೇ ಅಂಕಿಗಳು. ಆದರೆ ನಮ್ಮಲ್ಲಿ ನಲ್ಲಿ ನೀರು 20 ಡಿಗ್ರಿಗೆ ಬರುವುದು ಯಾವಾಗ? ಬೇಸಿಗೆಯಲ್ಲಿ 26 ದಾಟಿರುತ್ತದೆ. ಒಂದೊಂದು ಡಿಗ್ರಿಗೆ ಸಮಯ ಸರಿಸುಮಾರು ಶೇ. 9-10ರಷ್ಟು ಇಳಿಯುತ್ತದೆ. 24 ಡಿಗ್ರಿಯಲ್ಲಿ 11 ನಿಮಿಷ ಏಳೂವರೆಯಾಗುತ್ತದೆ, 26ರಲ್ಲಿ ಆರು ಚಿಲ್ಲರೆ. ನೀರು ಬೆರೆಸದ ಡೆವಲಪರಾದರೆ 26 ಡಿಗ್ರಿಯಲ್ಲಿ 5 ನಿಮಿಷಕ್ಕಿಂತ ಕೆಳಗೆ ಹೋಗುತ್ತದೆ. ಅಷ್ಟು ಕಡಿಮೆ ಹೊತ್ತಿನಲ್ಲಿ ದ್ರವ ಫಿಲ್ಮಿನ ಎಲ್ಲ ಕಡೆಗೂ ಸಮನಾಗಿ ಕೆಲಸ ಮಾಡುವುದಿಲ್ಲ, ಆಕಾಶದಲ್ಲಿ ಮೋಡವಲ್ಲದ ಮೋಡಗಳು ಕಾಣಿಸಿಕೊಳ್ಳುತ್ತವೆ. ಹಾಗಾಗಿ ಬಯಲುಸೀಮೆಯ ಬೇಸಿಗೆಗೆ 1+1 ಒಂದೇ ಸರಿ. ಬಾಟಲಿಗಳನ್ನು ಐಸ್ ಹಾಕಿದ ಟಬ್ಬಿನಲ್ಲಿ ನಿಲ್ಲಿಸಿ 22-23ಕ್ಕೆ ಇಳಿಸಿಕೊಂಡರೆ ಇನ್ನೂ ಒಳ್ಳೆಯದು. ಡೆವಲಪರ್ ಮಾತ್ರವಲ್ಲ, ಫಿಕ್ಸರ್ (ಚಿತ್ರವನ್ನು ಕಾಯಂಗೊಳಿಸುವ ದ್ರವ), ತೊಳೆಯುವ ನೀರು ಎಲ್ಲವೂ 5 ಡಿಗ್ರಿ ವ್ಯತ್ಯಾಸದೊಳಗೆ ಇರಬೇಕು.

ಫಿಲ್ಮ್ ಮತ್ತು ಡೆವಲಪರ್ ಇರುವ ಟ್ಯಾಂಕನ್ನು ಮೊದಲ 10 ಸೆಕೆಂಡಿನಲ್ಲಿ ನಾಲ್ಕು ಸಲ ತಲೆಕೆಳಗು ಮಾಡಿ, ಆಮೇಲೆ ಪ್ರತಿ ನಿಮಿಷದ ಮೊದಲ 10 ಸೆಕೆಂಡಿನಲ್ಲಿ ನಾಲ್ಕು ಸಲ. ಪ್ರತಿ ಸಲವೂ ಕೊನೆಗೆ ಟ್ಯಾಂಕನ್ನು ಮೇಜಿಗೆ ತಟ್ಟಿ, ಇಲ್ಲದಿದ್ದರೆ ಗಾಳಿಗುಳ್ಳೆ ಅಂಟಿದ ಜಾಗ ಪ್ರಿಂಟಿನಲ್ಲಿ ಕಪ್ಪು ಚುಕ್ಕೆಯಾಗಿ ಆಕಾಶದಲ್ಲಿ ಕೂರುತ್ತದೆ. ಎಡೆಬಿಡದೆ ಕುಲುಕುವುದೂ ತಪ್ಪು. 35 ಎಂಎಂ ಫಿಲ್ಮಿನ ಅಂಚಿನ ತೂತುಗಳ ಮೂಲಕ ದ್ರವ ನುಗ್ಗಿ ಆ ತೂತುಗಳ ನೇರಕ್ಕೆ ಪಟ್ಟಿಗಳು ಮೂಡುತ್ತವೆ. ಡೆವಲಪರಿನ ಕೆಲಸ ನಿಲ್ಲಿಸುವ ಸ್ಟಾಪ್ ಬಾತ್ 10 ಸೆಕೆಂಡ್, ರ‍್ಯಾಪಿಡ್ ಫಿಕ್ಸರ್ 1+4ರಲ್ಲಿ 2ರಿಂದ 5 ನಿಮಿಷ. ಫಿಕ್ಸರ್ ಹಳೆಯದಾದರೆ ಅನುಮಾನಕ್ಕೆ ಎಡೆ ಕೊಡದೆ, ರೋಲಿನ ತುದಿಯ ತುಂಡೊಂದನ್ನು ಅದರಲ್ಲಿ ಮುಳುಗಿಸಿ ಎಷ್ಟು ಹೊತ್ತಿಗೆ ಪಾರದರ್ಶಕವಾಗುತ್ತದೆ ನೋಡಿ, ಅದರ ಎರಡರಷ್ಟು ಹೊತ್ತು ಫಿಕ್ಸ್ ಮಾಡಿ. ಫಿಕ್ಸರ್ ತೊಳೆಯಲು ಕೊಡಗಟ್ಟಲೆ ನೀರು ಬೇಡ. ಟ್ಯಾಂಕ್ ತುಂಬಿ 5 ಸಲ ತಿರುವಿ ಚೆಲ್ಲಿ, ಮತ್ತೆ ತುಂಬಿ 10 ಸಲ, ಮತ್ತೆ ತುಂಬಿ 20 ಸಲ. ನೀರಿನ ಅಭಾವದ ಊರುಗಳಿಗೆ ಇದು ದೊಡ್ಡ ಉಪಕಾರ. ಕೊನೆಯ ಅದ್ದುವಿಕೆಗೆ ಮಾತ್ರ ಬೋರ್‌ವೆಲ್ ನೀರು ಕೂಡದು. ಡಿಸ್ಟಿಲ್ಡ್ ವಾಟರಿಗೆ ಲೀಟರಿಗೆ 5 ಎಂಎಲ್ ಇಲ್ಫೋಟಾಲ್ (ನೀರು ಹನಿ ನಿಲ್ಲದೆ ಇಳಿಯುವಂತೆ ಮಾಡುವ ದ್ರವ) ಹಾಕಿ, ಒಂದು ನಿಮಿಷ ಅದ್ದಿ, ಒರೆಸದೆ ನೇತುಹಾಕಿ. ಗಡಸು ನೀರಿನ ಸುಣ್ಣದ ಕಲೆ ಒಣಗಿದ ಮೇಲೆ ಹೋಗುವುದಿಲ್ಲ, ಅದೂ ಮತ್ತೆ ಆಕಾಶದಲ್ಲೇ ಕಾಣುತ್ತದೆ.

ಸ್ಕ್ಯಾನ್ ಮಾಡುವವರಿಗೆ ಒಂದು ಎಚ್ಚರಿಕೆ. ಧೂಳು, ಗೀರು ತಾನೇ ಅಳಿಸುವ ಡಿಜಿಟಲ್ ಐಸ್ ಸೌಲಭ್ಯವನ್ನು ಆಫ್ ಮಾಡಿ. ಅದು ಇನ್‌ಫ್ರಾರೆಡ್ ಬೆಳಕು ಹಾಯಿಸಿ ಧೂಳನ್ನು ಗುರುತಿಸುತ್ತದೆ. ಎಫ್‌ಪಿ4ರ ಚಿತ್ರವೇ ಬೆಳ್ಳಿಯದಾದ್ದರಿಂದ ಇನ್‌ಫ್ರಾರೆಡ್ ಬೆಳಕನ್ನು ಅದೂ ತಡೆಯುತ್ತದೆ, ಬಂಡೆಯ ವಿವರವನ್ನೇ ಧೂಳೆಂದು ತಿಳಿದು ಯಂತ್ರ ಉಜ್ಜಿಹಾಕುತ್ತದೆ. ಬ್ಲೋವರ್ ಮತ್ತು ತಾಳ್ಮೆ, ಬೇರೆ ದಾರಿಯಿಲ್ಲ. ಗ್ರೇನ್ ಸಣ್ಣದು, 35 ಎಂಎಂನಿಂದ 12×16 ಇಂಚಿನ ಪ್ರಿಂಟ್ ಕಣ್ಣಿಗೆ ತುಂಬಾ ಹಿತವಾಗಿರುತ್ತದೆ. ಅದಕ್ಕಿಂತ ದೊಡ್ಡದು ಬೇಕಾದರೆ 120ಕ್ಕೆ ಹೋಗಿ.

ಇಷ್ಟೆಲ್ಲ ಪಾಡು ಏಕೆ, ಚಿತ್ರ ತಿದ್ದುವ ತಂತ್ರಾಂಶವಾದ ಲೈಟ್‌ರೂಮಿನಲ್ಲಿ ಒಂದು ಗುಂಡಿ ಒತ್ತಿದರೆ ಆಗದೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅಲ್ಲಿನ ಬ್ಲ್ಯಾಕ್ ಅಂಡ್ ವೈಟ್ ಮಿಕ್ಸ್‌ನಲ್ಲಿ ಎಂಟು ಬಣ್ಣಗಳ ಸ್ಲೈಡರುಗಳಿವೆ, ಪ್ರತಿ ಬಣ್ಣಕ್ಕೂ ಬೇಕಾದ ಬೂದನ್ನು ಆಮೇಲೆ ಕೂತು ನಿರ್ಧರಿಸಬಹುದು. ಮಲೆನಾಡಿನ ಹಸಿರಿಗೆ ಈ ವಿಧಾನ ಎಫ್‌ಪಿ4ಗಿಂತ ಖಂಡಿತ ಮೇಲು. ಹಳದಿ ಸ್ಲೈಡರನ್ನು ಮೇಲೆತ್ತಿ, ಹಸಿರಿನದನ್ನು ಸ್ವಲ್ಪ ಇಳಿಸಿದರೆ ಚಿಗುರು ಬೇರೆ, ಬಲಿತ ಎಲೆ ಬೇರೆಯಾಗಿ ಬಿಡಿಸಿಕೊಳ್ಳುತ್ತದೆ. ಎಲೆಗಳಲ್ಲಿ ನಾವು ಎಣಿಸುವುದಕ್ಕಿಂತ ಹೆಚ್ಚು ಹಳದಿ ಇರುತ್ತದೆ, ಬರೀ ಹಸಿರು ಸ್ಲೈಡರ್ ಎಳೆದಾಡುವವರಿಗೆ ಅದು ಹೊಳೆಯುವುದಿಲ್ಲ. ಎಡವಟ್ಟಾಗುವುದು ಆಕಾಶದಲ್ಲಿ. ಸಾಮಾನ್ಯ ಸೆನ್ಸರಿನಲ್ಲಿ ನೀಲಿಗೆ ಇರುವುದು ನಾಲ್ಕರಲ್ಲಿ ಒಂದು ಪಿಕ್ಸೆಲ್ ಮಾತ್ರ. ನೀಲಿ ಸ್ಲೈಡರನ್ನು -60, -70ಕ್ಕೆ ಎಳೆದರೆ ಆಕಾಶದಲ್ಲಿ ಮರಳು ಎರಚಿದಂತೆ ನಾಯ್ಸ್ ಬರುತ್ತದೆ, ಬಂಡೆಯ ಅಂಚಿಗೆ ಬಿಳಿ ಗೆರೆ ಹತ್ತಿಕೊಳ್ಳುತ್ತದೆ, ಜೆಪೆಗ್ ಆದರೆ ಪಟ್ಟೆ ಪಟ್ಟೆಯಾಗುತ್ತದೆ. ರಾ ಫೈಲ್ (ಕ್ಯಾಮೆರಾ ಕುಗ್ಗಿಸದೆ ಕೊಡುವ ಮೂಲ ದತ್ತಾಂಶ), ಕನಿಷ್ಠ ಐಎಸ್‌ಒ, ಮೋಡ ಸುಡದಷ್ಟು ಧಾರಾಳ ಬೆಳಕು, -40ಕ್ಕಿಂತ ಕೆಳಗಿಳಿಸದಿರುವುದು: ಇಷ್ಟು ಪಾಲಿಸಿದರೆ ಬಹಳ ಮಟ್ಟಿಗೆ ತಪ್ಪಿಸಿಕೊಳ್ಳಬಹುದು. ಕಿತ್ತಳೆ ಫಿಲ್ಟರಿನ ಎಫ್‌ಪಿ4ರಲ್ಲಿ ಈ ಗೋಳೇ ಇಲ್ಲ. ಆಕಾಶ ಬಂಡೆಯ ಏಣಿನವರೆಗೂ ನಯವಾಗಿ ಬಂದು ನಿಲ್ಲುತ್ತದೆ. ಮೊನೊಕ್ರೋಮ್ ಸೆನ್ಸರಿನ ಕ್ಯಾಮೆರಾಗಳಿಗೂ ಫಿಲ್ಮಿನಂತೆಯೇ ಗಾಜಿನ ಫಿಲ್ಟರ್ ಬೇಕು. ಅವುಗಳಲ್ಲಿ ಮೋಡ ಒಮ್ಮೆ ಸುಟ್ಟರೆ ಬೇರೆ ಬಣ್ಣದ ಚಾನೆಲ್‌ನಿಂದ ಎರವಲು ತರುವ ಅವಕಾಶವೂ ಇರುವುದಿಲ್ಲ, ಆದ್ದರಿಂದ ಬೆಳಕನ್ನು ಬಿಗಿಯಾಗಿ ಹಿಡಿಯಬೇಕು.

ಡಿಜಿಟಲ್ ಕ್ಯಾಮೆರಾ ಈಗಾಗಲೇ ಇದ್ದವರು ಅದನ್ನೇ ಫಿಲ್ಮಿನ ಸಹಾಯಕ್ಕೆ ಬಳಸಿಕೊಳ್ಳಬಹುದು. ಕ್ಯಾನನ್ ಕ್ಯಾಮೆರಾಗಳ ಮೊನೊಕ್ರೋಮ್ ಪಿಕ್ಚರ್ ಸ್ಟೈಲಿನೊಳಗೆ ಹಳದಿ, ಕಿತ್ತಳೆ, ಕೆಂಪು, ಹಸಿರು ಫಿಲ್ಟರ್ ಪರಿಣಾಮಗಳಿವೆ, ಬೇರೆ ಕಂಪನಿಗಳಲ್ಲೂ ಇಂಥದ್ದು ಇರುತ್ತದೆ. ದೃಶ್ಯವನ್ನು ಪರದೆಯ ಮೇಲೆ ಒಂದೊಂದೇ ಫಿಲ್ಟರಿನಲ್ಲಿ ನೋಡಿ, ಬಂಡೆ-ಆಕಾಶ ಸರಿಯಾಗಿ ಬೇರ್ಪಡುವುದು ಯಾವುದರಲ್ಲಿ ಎಂದು ತೀರ್ಮಾನಿಸಿ, ಆಮೇಲೆ ಫಿಲ್ಮ್ ಕ್ಯಾಮೆರಾ ಎತ್ತಿ. ಯಾವುದರಲ್ಲೂ ಬೇರ್ಪಡದಿದ್ದರೆ ಆ ದೃಶ್ಯ ಬಣ್ಣಕ್ಕೆ ಸೇರಿದ್ದು, ಫಿಲ್ಮ್ ಉಳಿಸಿ.

ಕೊಳ್ಳುವಾಗ: ಆಮದು ಸರಕಾದ್ದರಿಂದ ಬೆಲೆ ಏರಿಳಿಯುತ್ತಲೇ ಇರುತ್ತದೆ, ಡಬ್ಬಿಯ ಮೇಲಿನ ಎಕ್ಸ್‌ಪೈರಿ ತಿಂಗಳು ನೋಡದೆ ದುಡ್ಡು ಕೊಡಬೇಡಿ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ರೋಲ್ ಬಿಡುವುದು ಅದನ್ನು ಹಾಳುಮಾಡುವ ಅತಿ ಸುಲಭದ ದಾರಿ. ಫ್ರಿಜ್ಜಿನಲ್ಲಿಟ್ಟರೆ ಬಳಸುವ ಕೆಲವು ಗಂಟೆ ಮೊದಲೇ ಹೊರಗೆ ತೆಗೆದು, ಡಬ್ಬಿ ತೆರೆಯದೆ ಬಿಡಿ, ಇಲ್ಲದಿದ್ದರೆ ಒಳಗೆ ಬೆವರು ಕೂರುತ್ತದೆ. ವಿಮಾನದಲ್ಲಿ ಚೆಕ್-ಇನ್ ಲಗೇಜಿಗೆ ಹಾಕಲೇಬಾರದು. ಫಿಲ್ಟರುಗಳಲ್ಲಿ ಮೊದಲು ಕಿತ್ತಳೆ, ಆಮೇಲೆ ಹಳದಿ. ಕೆಂಪಿಗೆ ಆತುರ ಬೇಡ. ನಿಮ್ಮ ಲೆನ್ಸುಗಳಲ್ಲಿ ಅತಿ ದೊಡ್ಡ ವ್ಯಾಸದ್ದಕ್ಕೆ ಒಂದೇ ಒಂದು ಫಿಲ್ಟರ್ ಕೊಂಡು ಉಳಿದವಕ್ಕೆ ಸ್ಟೆಪ್-ಅಪ್ ರಿಂಗ್ ಹಾಕಿದರೆ ಖರ್ಚು ತಗ್ಗುತ್ತದೆ.

ಈ ಫಿಲ್ಮಿಗೆ ಒಗ್ಗಿಕೊಂಡು ವರ್ಷಕ್ಕೆ ಹತ್ತಾರು ರೋಲ್ ಖರ್ಚು ಮಾಡುವವರು 30.5 ಮೀಟರಿನ ಬಲ್ಕ್ ರೋಲ್ (ನಾವೇ ಕತ್ತರಿಸಿ ಕ್ಯಾಸೆಟ್ಟಿಗೆ ತುಂಬುವ ಉದ್ದನೆಯ ಫಿಲ್ಮ್) ನೋಡಬಹುದು. 36 ಚಿತ್ರದ ಸುಮಾರು 18 ಕ್ಯಾಸೆಟ್ ಸುತ್ತಿಕೊಳ್ಳಬಹುದು, ಒಂದೊಂದರ ಖರ್ಚು ಕಡಿಮೆಯಾಗುತ್ತದೆ. ಲೋಡರಿನಲ್ಲಿ ಸುತ್ತುವಾಗ ಕ್ಯಾಸೆಟ್ಟಿನ ಸ್ಪೂಲಿಗೆ ಟೇಪು ಹಚ್ಚುವ ತುದಿ ಬೆಳಕಿಗೆ ತೆರೆದಿರುತ್ತದೆ. ಕ್ಯಾಮೆರಾದಲ್ಲಿ ಅದು ಕೊನೆಯ ಚಿತ್ರದ ಜಾಗ. ಆದ್ದರಿಂದ ಬಲ್ಕ್ ಸುತ್ತಿದ ರೋಲಿನಲ್ಲಿ 35, 36ನೇ ಚಿತ್ರಕ್ಕೆ ಮುಖ್ಯವಾದದ್ದನ್ನು ಉಳಿಸಿಕೊಳ್ಳಬೇಡಿ, 34ಕ್ಕೆ ರೋಲ್ ಬದಲಿಸಿ.